ಹದಿಹರೆಯದ ಖಿನ್ನತೆ: ಯಾವ ಸೆಷನ್ ಎದುರು ಕೂತು, ಯಾವುದು ವಿಡಿಯೊ ಕಾಲ್‌ನಲ್ಲಿ?

ಪಿಯುಸಿ ಓದುವ ಮಗಳಿಗೆ ಖಿನ್ನತೆ ಇದೆ, ವಾರಕ್ಕೊಮ್ಮೆ ಥೆರಪಿಗೆ ಕರೆದುಕೊಂಡು ಬನ್ನಿ ಎಂದು ವೈದ್ಯರು ಹೇಳುತ್ತಾರೆ. ಮನೆ ಇರುವುದು ಸಿಂಧನೂರಿನಲ್ಲೋ ಶಿರಸಿಯಲ್ಲೋ. ಹದಿಹರೆಯದವರ ಜೊತೆ ಕೆಲಸ ಮಾಡಿ ಪಳಗಿದ ಥೆರಪಿಸ್ಟ್ ಸಿಗುವುದು ಧಾರವಾಡ, ಮೈಸೂರು, ಬೆಂಗಳೂರಿನಲ್ಲಿ. ಮೊದಲೆರಡು ವಾರ ಅಪ್ಪ ರಜೆ ಹಾಕಿ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಮೂರನೇ ವಾರ ಯೂನಿಟ್ ಟೆಸ್ಟ್ ಅಡ್ಡ ಬರುತ್ತದೆ. ನಾಲ್ಕನೇ ವಾರಕ್ಕೆ ನಿಂತೇ ಹೋಗುತ್ತದೆ. ಪೂರ್ತಿ ಆನ್‌ಲೈನ್ ಹಿಡಿದ ಮನೆಗಳ ಪಾಡು ಬೇರೆ: ಕ್ಯಾಮೆರಾ ಆಫ್, ಕೇಳಿದ್ದಕ್ಕೆಲ್ಲ ‘ಹ್ಞೂಂ’, ‘ಗೊತ್ತಿಲ್ಲ’, ಇಪ್ಪತ್ತು ನಿಮಿಷಕ್ಕೆ ‘ನೆಟ್‌ವರ್ಕ್ ಹೋಯ್ತು’.

ಎರಡನ್ನೂ ಸೇರಿಸಿಕೊಂಡರೆ ಈ ಎರಡೂ ತೊಡಕು ಬಹುಮಟ್ಟಿಗೆ ತಪ್ಪುತ್ತವೆ. ಆದರೆ ಹೋಗಲಾಗದ ವಾರ ವಿಡಿಯೊ ಕಾಲ್ ಮಾಡಿಬಿಟ್ಟರೆ ಸೇರಿಸಿದಂತೆ ಆಗುವುದಿಲ್ಲ. ಎದುರು ಕೂತೇ ಆಗಬೇಕಾದ ಕೆಲಸ ಯಾವುದು, ಫೋನಿನಲ್ಲಿ ಚೆನ್ನಾಗಿ ಆಗುವ ಕೆಲಸ ಯಾವುದು ಎಂದು ಮೊದಲ ದಿನವೇ ಥೆರಪಿಸ್ಟ್ ಜೊತೆ ಕೂತು ಹಂಚಿಕೊಳ್ಳಬೇಕು. ಅನುಕೂಲ ನೋಡಿಕೊಂಡು ವಾರವಾರ ತೀರ್ಮಾನಿಸುತ್ತ ಹೋದರೆ ಪ್ರತಿ ವಾರವೂ ಫೋನೇ ಗೆಲ್ಲುತ್ತದೆ, ಎದುರು ಕೂತು ಆಡಬೇಕಿದ್ದ ಮಾತು ಹಾಗೇ ಉಳಿಯುತ್ತದೆ.

ಆನ್‌ಲೈನಿನಿಂದ ಶುರು ಮಾಡಬಾರದ ಸ್ಥಿತಿಗಳು

ಹದಿಹರೆಯದಲ್ಲಿ ಖಿನ್ನತೆ ಎಂದರೆ ಯಾವಾಗಲೂ ಅಳು, ದುಃಖ ಎಂದುಕೊಳ್ಳಬೇಡಿ. ಎಷ್ಟೋ ಮಕ್ಕಳಲ್ಲಿ ಅದು ಸಿಡುಕಾಗಿ ಕಾಣುತ್ತದೆ. ಇಷ್ಟದ ಆಟ ಬಿಟ್ಟಿರುತ್ತಾರೆ, ಸ್ನಾನಕ್ಕೆ ಬೇಸರ, ರಾತ್ರಿ ಎರಡರವರೆಗೆ ಎಚ್ಚರ, ಹಗಲೆಲ್ಲ ಹಾಸಿಗೆ, ಕಾರಣವಿಲ್ಲದ ತಲೆನೋವು ಹೊಟ್ಟೆನೋವು, ಇದ್ದಕ್ಕಿದ್ದಂತೆ ಇಳಿದ ಅಂಕ. ಇಂಥವು ಎರಡು ವಾರಕ್ಕಿಂತ ಹೆಚ್ಚು ಕಾಲ ಬಹುಪಾಲು ದಿನ ಇದ್ದರೆ ತೋರಿಸಬೇಕು.

ಇವುಗಳಲ್ಲಿ ಒಂದಿದ್ದರೂ ಮೊದಲು ಆಸ್ಪತ್ರೆಗೆ ಹೋಗಿ, ಆನ್‌ಲೈನ್ ಆಮೇಲೆ: ಸಾಯುವ ಮಾತು ಅಥವಾ ಪ್ರಯತ್ನ, ಮೈಗೆ ಗಾಯ ಮಾಡಿಕೊಳ್ಳುವುದು, ಊಟ ನೀರು ಬಿಟ್ಟಿರುವುದು, ಯಾರದೋ ದನಿ ಕೇಳಿಸುತ್ತದೆ ಎನ್ನುವುದು, ನಿದ್ದೆಯಿಲ್ಲದೆಯೂ ದಣಿಯದೆ ದಿನಗಟ್ಟಲೆ ಅತಿ ಹುರುಪಿನಲ್ಲಿರುವುದು, ಮದ್ಯ ಗಾಂಜಾ. ಇನ್ನೊಂದನ್ನು ಜನ ಮರೆಯುತ್ತಾರೆ. ಮಗುವಿಗೆ ನೋವು ಕೊಡುತ್ತಿರುವ ವ್ಯಕ್ತಿ ಮನೆಯಲ್ಲೇ ಇದ್ದರೆ ಆ ಮನೆಯಿಂದ ಮಾಡುವ ವಿಡಿಯೊ ಕಾಲ್‌ನಲ್ಲಿ ಮಗು ಬಾಯಿ ಬಿಡುವುದಿಲ್ಲ.

ಕೇಳಬೇಕಾದ ಪ್ರಶ್ನೆಯನ್ನು ನೇರವಾಗಿ ಕೇಳಿ: ‘ಸತ್ತು ಹೋಗಬೇಕು ಅಂತ ಅನ್ನಿಸ್ತಾ ಇದೆಯಾ ಪುಟ್ಟಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಹೌದು ಎಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆಗಳು, ಹೊಲ ತೋಟಕ್ಕೆ ತಂದ ಕೀಟನಾಶಕ ಅಂದೇ ಮನೆಯಿಂದ ಆಚೆ ಹೋಗಲಿ ಅಥವಾ ಬೀಗದೊಳಗೆ ಸೇರಲಿ. ಬೀಗದ ಕೈ ಒಬ್ಬ ದೊಡ್ಡವರ ಹತ್ತಿರ ಮಾತ್ರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಲೇ ಅಪಾಯ ಎನ್ನುವಂತಿದ್ದರೆ 108 ಅಥವಾ 112. ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಪೊಲೀಸ್ ಕೇಸ್ ಆದೀತು ಎಂಬ ಭಯಕ್ಕೆ ಆತ್ಮಹತ್ಯೆ ಪ್ರಯತ್ನವನ್ನು ಮುಚ್ಚಿಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥ ಪ್ರಯತ್ನವನ್ನು ತೀವ್ರ ಒತ್ತಡದ ಫಲವೆಂದೇ ಎಣಿಸುತ್ತದೆ, ಶಿಕ್ಷೆಗೆ ಗುರಿಮಾಡುವುದಿಲ್ಲ. ದಯವಿಟ್ಟು ಮುಚ್ಚಿಡಬೇಡಿ.

ಮೊದಲ ಎರಡು ಭೇಟಿ ಎದುರೇ ಆಗಲಿ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಷ್ಟು ದೂರ ಆಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತದೆ. ಯಾವ ದಿನ ಎಂದು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಖಾಸಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರಾದರೆ ಬೇರೆಯವರನ್ನು ಹುಡುಕಿ. ಆ್ಯಪ್‌ನಲ್ಲಿ ಹೆಸರು ಫೋಟೊ ಅಷ್ಟೇ ನೋಡಿ ದುಡ್ಡು ಕಟ್ಟಬೇಡಿ.

ಈ ಎರಡು ಭೇಟಿಯಲ್ಲಿ ಆಗಬೇಕಾದದ್ದು ಇಷ್ಟು. ಮಗು ಅಪ್ಪ ಅಮ್ಮ ಇಲ್ಲದೆ ಕನಿಷ್ಠ ಅರ್ಧ ಗಂಟೆ ವೈದ್ಯರ ಜೊತೆ ಮಾತಾಡಬೇಕು. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ ಖಿನ್ನತೆಯ ವೇಷದಲ್ಲೇ ಬರುವುದುಂಟು. ಅದಕ್ಕೆ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಕುಟುಂಬದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಒಮ್ಮೆ ಖಿನ್ನತೆ, ಒಮ್ಮೆ ಅತಿ ಹುರುಪು) ಇದ್ದರೆ ಬಚ್ಚಿಡದೆ ಹೇಳಿ, ಔಷಧದ ಆಯ್ಕೆಯೇ ಅದರಿಂದ ಬದಲಾಗುತ್ತದೆ. ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯ ಹದಿಹರೆಯದ ರೂಪವನ್ನು ತುಂಬಿಸಿ ಮೊದಲ ದಿನದ ಅಂಕ ಬರೆದಿಡಬೇಕು. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಸಾಮಾನ್ಯವಾಗಿ 5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ಸಾಕಷ್ಟು ತೀವ್ರ, 20 ಮತ್ತು ಅದಕ್ಕಿಂತ ಹೆಚ್ಚು ತೀವ್ರ. ಅಂಕ ಕಾಯಿಲೆಯ ಹೆಸರು ಹೇಳುವುದಿಲ್ಲ, ವೈದ್ಯರು ನೋಡಿಯೇ ಹೇಳಬೇಕು. ಮುಂದೆ ಇಳಿಯುತ್ತಿದೆಯೋ ಇಲ್ಲವೋ ತಿಳಿಯಲು ಮಾತ್ರ ಅದು ಬೇಕು.

ಗುಟ್ಟಿನ ಒಪ್ಪಂದವೂ ಆಗಲೇ ಆಗಬೇಕು, ಮೂವರೂ ಒಂದೇ ಕೋಣೆಯಲ್ಲಿ ಇದ್ದಾಗ. ಮಗು ಹೇಳಿದ್ದು ಥೆರಪಿಸ್ಟ್ ಹತ್ತಿರವೇ ಇರುತ್ತದೆ. ಮಗುವಿನ ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಅಪಾಯ, ಮಗುವಿನ ಮೇಲೆ ದೌರ್ಜನ್ಯ ಈ ಮೂರು ಸಂದರ್ಭದಲ್ಲಿ ಮಾತ್ರ ಅದು ಆಚೆ ಬರುತ್ತದೆ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. ಇದನ್ನು ವಿಡಿಯೊ ಕಾಲ್‌ನಲ್ಲಿ ಓದಿ ಹೇಳಿದರೆ ಮಗು ಕೇಳಿಸಿಕೊಳ್ಳುವುದಿಲ್ಲ. ಎದುರು ಕೂತು ಹೇಳಿದರೆ ನಿಮ್ಮ ಮುಖ ನೋಡುತ್ತದೆ, ನೀವು ಒಪ್ಪಿದಿರೋ ಇಲ್ಲವೋ ಅದಕ್ಕೆ ತಿಳಿಯುತ್ತದೆ.

ಹದಿನಾಲ್ಕು ವಾರದ ಒಂದು ಲೆಕ್ಕ

ಮಧ್ಯಮ ಪ್ರಮಾಣದ ಖಿನ್ನತೆ ಇರುವ, ಈಗ ಅಪಾಯವಿಲ್ಲದ ಮಗುವಿಗೆ ಹೀಗೆ ಹಾಕಿಕೊಳ್ಳಬಹುದು: 1, 2, 6, 10, 14ನೇ ವಾರ ಎದುರು, ಉಳಿದ ಒಂಬತ್ತು ವಾರ ವಿಡಿಯೊ. ಹದಿನಾಲ್ಕು ಬಸ್ ಪ್ರಯಾಣದ ಜಾಗದಲ್ಲಿ ಐದು. ಐದೂ ದಿನಾಂಕವನ್ನು ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕಾಲೇಜಿನ ಪರೀಕ್ಷಾ ವೇಳಾಪಟ್ಟಿ ಪಕ್ಕದಲ್ಲಿಟ್ಟುಕೊಂಡು. ಬ್ರಿಟನ್ನಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿ 12ರಿಂದ 18ರ ವಯಸ್ಸಿನವರ ಸೌಮ್ಯ ಖಿನ್ನತೆಗೆ ಡಿಜಿಟಲ್ ಸಿಬಿಟಿಯನ್ನು (ಯೋಚನೆ, ನಡವಳಿಕೆಯನ್ನು ತಿದ್ದಿಕೊಳ್ಳಲು ಕಲಿಸುವ ಥೆರಪಿ ಸಿಬಿಟಿ, ಅದನ್ನು ಆ್ಯಪ್ ಅಥವಾ ವೆಬ್‌ಸೈಟ್ ಮೂಲಕ ಕೊಡುವುದು) ಮೊದಲ ಆಯ್ಕೆಗಳಲ್ಲಿ ಒಂದಾಗಿ ಇಡುತ್ತದೆ. ಮಧ್ಯಮದಿಂದ ತೀವ್ರದವರೆಗೆ ಒಬ್ಬೊಬ್ಬರಿಗೇ ಕೊಡುವ ಸಿಬಿಟಿ ಕನಿಷ್ಠ ಮೂರು ತಿಂಗಳು ಎನ್ನುತ್ತದೆ. ಮೂರು ತಿಂಗಳಿಗೆ ಮೊದಲೇ ಕೈಚೆಲ್ಲಬೇಡಿ ಎನ್ನುವುದು ಅದಕ್ಕೇ.

ಎದುರು ಕೂತೇ ಆಗಬೇಕಾದವು: ಅಪಾಯದ ಅಂದಾಜು, ಔಷಧ ಶುರು ಮಾಡುವುದು, ಅಪ್ಪ ಅಮ್ಮನನ್ನೂ ಸೇರಿಸಿಕೊಂಡ ಮಾತುಕತೆ, ಹಳೆಯ ಆಘಾತವನ್ನು ಮೊದಲ ಸಲ ಬಿಚ್ಚುವುದು, ಮುಕ್ತಾಯ. ಹುಡುಗಿ ತೋಳು ಮುಚ್ಚುವ ಅಂಗಿಯನ್ನೇ ಯಾಕೆ ಹಾಕುತ್ತಾಳೆ, ಕೈ ಎಷ್ಟು ನಡುಗುತ್ತದೆ, ತೂಕ ಎಷ್ಟು ಇಳಿದಿದೆ ಎಂಬುದು ಎದೆಯಿಂದ ಮೇಲಷ್ಟೇ ಕಾಣುವ ಪರದೆಯಲ್ಲಿ ತಿಳಿಯುವುದಿಲ್ಲ.

ಆನ್‌ಲೈನಿನಲ್ಲಿ ಚೆನ್ನಾಗಿ ಆಗುವುದು ಅಭ್ಯಾಸದ ಕೆಲಸ: ವಾರದ ಚಟುವಟಿಕೆ ಪಟ್ಟಿ, ಯೋಚನೆಯ ತಪಾಸಣೆ, ನಿದ್ದೆಯ ಲೆಕ್ಕ. ಇದರಲ್ಲಿ ಆನ್‌ಲೈನಿಗೆ ಒಂದು ಮೇಲುಗೈಯೂ ಇದೆ. ಖಿನ್ನತೆ ಇರುವುದು ಆ ಕೋಣೆಯಲ್ಲಿ. ಮೂರು ದಿನದ ತಟ್ಟೆ, ಮಡಚದ ಹೊದಿಕೆ, ಮುಚ್ಚಿದ ಕಿಟಕಿ ಥೆರಪಿಸ್ಟ್‌ಗೆ ಕಾಣುತ್ತವೆ. ‘ಈಗ ಎದ್ದು ಆ ಕಿಟಕಿ ತೆಗೀತೀಯಾ, ನಾನು ಕಾಯ್ತೀನಿ’ ಎಂದು ಕ್ಲಿನಿಕ್ಕಿನಲ್ಲಿ ಕೂತು ಹೇಳಲು ಬರುವುದಿಲ್ಲ.

ವಿಡಿಯೊ ಸೆಷನ್‌ಗೆ ಕೋಣೆ

ಹೆಚ್ಚಿನ ಆನ್‌ಲೈನ್ ಸೆಷನ್ ಕೆಡುವುದು ಬಾಗಿಲ ಹೊರಗೆ. ಅಮ್ಮ ಕಾಫಿ ಹಿಡಿದು ಒಳಗೆ ಬರುತ್ತಾರೆ, ಅಜ್ಜಿ ಯಾರ ಜೊತೆ ಮಾತು ಎನ್ನುತ್ತಾರೆ, ತಮ್ಮ ಚಾರ್ಜರ್ ಹುಡುಕುತ್ತಾನೆ. ಒಂದು ಸಲ ಯಾರೋ ಕದ್ದು ಕೇಳಿದರು ಎಂದು ಅನ್ನಿಸಿದರೆ ಸಾಕು, ಮುಂದಿನ ಒಂಬತ್ತು ಸೆಷನ್ನೂ ‘ಎಲ್ಲ ಚೆನ್ನಾಗಿದೆ’ ಆಗಿಬಿಡುತ್ತವೆ.

ಫೋನನ್ನು ಕೈಯಲ್ಲಿ ಹಿಡಿಯಬಾರದು. ಮೇಜಿನ ಮೇಲೆ ನಾಲ್ಕೈದು ದಪ್ಪ ಪುಸ್ತಕ ಪೇರಿಸಿ, ಕಣ್ಣಿನ ಎತ್ತರಕ್ಕೆ, ಒಂದು ಮೊಳ ದೂರದಲ್ಲಿ ನಿಲ್ಲಿಸಿ. ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ವೈರ್ ಇರುವ ಇಯರ್‌ಫೋನ್ ಒಳ್ಳೆಯದು, ನಡುವೆ ಚಾರ್ಜ್ ಖಾಲಿಯಾಗುವುದಿಲ್ಲ. ಬಾಗಿಲ ಹೊರಗೆ ಟೇಬಲ್ ಫ್ಯಾನ್ ಹಾಕಿಡಿ, ಒಳಗಿನ ಮಾತು ಅದರ ಸದ್ದಿನಲ್ಲಿ ಮುಳುಗುತ್ತದೆ. ಒಂದೇ ಕೋಣೆಯ ಮನೆಯಾದರೆ ಆ 45 ನಿಮಿಷ ಉಳಿದವರು ದೇವಸ್ಥಾನಕ್ಕೋ ಅಂಗಡಿಗೋ ಹೋಗಿ ಬರಲಿ. ತಾರಸಿಯೂ ಆದೀತು, ಆದರೆ ಪಕ್ಕದ ಮನೆಯವರು ಬಟ್ಟೆ ಒಣಗಿಸುವ ಹೊತ್ತಿನಲ್ಲಿ ಬೇಡ. ಯಾರಾದರೂ ಬಂದರೆ ಹೇಳಲು ಒಂದು ಗುರುತಿನ ಮಾತು ಇಟ್ಟುಕೊಳ್ಳಲಿ. ‘ಕೆಮಿಸ್ಟ್ರಿ ನೋಟ್ಸ್ ಕಳಿಸ್ತೀನಿ’ ಎಂದರೆ ಥೆರಪಿಸ್ಟ್ ವಿಷಯ ಬದಲಿಸುತ್ತಾರೆ.

ಪ್ರತಿ ಕರೆಯ ಶುರುವಿನಲ್ಲಿ ಥೆರಪಿಸ್ಟ್ ಮೂರು ವಿಷಯ ಕೇಳಬೇಕು: ಈಗ ಎಲ್ಲಿದ್ದೀಯ, ಹತ್ತಿರದಲ್ಲಿ ಯಾವ ದೊಡ್ಡವರಿದ್ದಾರೆ, ಅವರ ನಂಬರ್ ಏನು. ಅಪಾಯ ಕಂಡ ಕ್ಷಣ ಎಲ್ಲಿಗೆ ಜನ ಕಳಿಸಬೇಕು ಎಂಬುದು ಗೊತ್ತಿರಲೇಬೇಕು. ನೆಟ್‌ವರ್ಕ್ ಹೋದರೆ ಐದು ನಿಮಿಷದೊಳಗೆ ಯಾರು ಯಾರಿಗೆ ಮಾಮೂಲಿ ಕರೆ ಮಾಡಬೇಕು ಎಂಬುದನ್ನೂ ಮೊದಲೇ ಬರೆದಿಡಿ. ‘ಅವರೇ ಮಾಡ್ತಾರೆ’ ಎಂದು ಇಬ್ಬರೂ ಕಾಯುತ್ತ ಕೂತು ಸೆಷನ್ ಕಳೆದುಹೋಗುವುದು ತೀರಾ ಸಾಮಾನ್ಯ.

ಎರಡು ಸೆಷನ್‌ಗಳ ನಡುವೆ

ಇಲ್ಲೇ ನಿಜವಾದ ಕೆಲಸ ಆಗುವುದು. ಖಿನ್ನತೆಯಲ್ಲಿ ಮನಸ್ಸಾದ ಮೇಲೆ ಮಾಡೋಣ ಎಂದು ಕಾದರೆ ಮನಸ್ಸಾಗುವುದೇ ಇಲ್ಲ. ಮೊದಲು ಮಾಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಚಟುವಟಿಕೆ ಪಟ್ಟಿಯ ಹಿಂದಿರುವ ಲೆಕ್ಕ ಇದು. ಒಂದು ಸಾಲು ಹೀಗಿರುತ್ತದೆ:

ಸೋಮವಾರ ಸಂಜೆ 5.30. ತಾರಸಿಯಿಂದ ಒಣಗಿದ ಬಟ್ಟೆ ತರುವುದು. ಮೊದಲು ಮನಸ್ಸು 10ಕ್ಕೆ 2. ಆದಮೇಲೆ 3.

ಎರಡರಿಂದ ಮೂರಕ್ಕೆ ಏರಿದ್ದು ಕಡಿಮೆಯೇನಲ್ಲ. ಆದರೆ ಪಟ್ಟಿಯನ್ನು ಕೆಡಿಸುವವರು ಸಾಮಾನ್ಯವಾಗಿ ಅಪ್ಪ ಅಮ್ಮ. ‘ಬಟ್ಟೆ ತರೋಕಾಗುತ್ತೆ ಅಂದ್ರೆ ಓದೋಕೂ ಆಗುತ್ತೆ’ ಎಂದು ಮರುದಿನ ಪಟ್ಟಿಗೆ ಗಣಿತ ಸೇರಿಸಿಬಿಡುತ್ತಾರೆ. ಮೊದಲ ಮೂರು ವಾರ ಓದನ್ನು ಪಟ್ಟಿಗೆ ಸೇರಿಸಬೇಡಿ. ದಿನಕ್ಕೆ ಎರಡು ಕೆಲಸ, ಒಂದೊಂದು ಹತ್ತರಿಂದ ಹದಿನೈದು ನಿಮಿಷ, ಒಂದು ಮೈ ಅಲ್ಲಾಡಿಸುವಂಥದ್ದು, ಇನ್ನೊಂದು ಇನ್ನೊಬ್ಬರ ಜೊತೆ ಮಾಡುವಂಥದ್ದು.

ಯೋಚನೆಯ ತಪಾಸಣೆ ನಾಲ್ಕನೇ ವಾರದ ಹೊತ್ತಿಗೆ ಬರುತ್ತದೆ. ಕ್ಲಾಸ್ ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದಾಳೆ, ಎರಡು ಗಂಟೆ ಯಾರೂ ಉತ್ತರಿಸಿಲ್ಲ. ಥಟ್ಟನೆ ಬಂದ ಯೋಚನೆ: ‘ನಾನಂದ್ರೆ ಯಾರಿಗೂ ಆಗಲ್ಲ.’ ಎಷ್ಟು ನಿಜ ಅನ್ನಿಸಿತು? ನೂರಕ್ಕೆ 90. ಇದಕ್ಕೆ ಪುರಾವೆ? ಉತ್ತರ ಬಂದಿಲ್ಲ. ಇದಕ್ಕೆ ಎದುರಾದ ಪುರಾವೆ? ನಾಲ್ಕರಿಂದ ಆರು ಎಲ್ಲರಿಗೂ ಟ್ಯೂಷನ್. ನಿನ್ನೆ ಲ್ಯಾಬ್ ರೆಕಾರ್ಡ್ ಕೇಳಿ ಒಬ್ಬಳು ಫೋನ್ ಮಾಡಿದ್ದಳು. ಈಗ ಎಷ್ಟು ನಿಜ? 50. ಇದನ್ನು ಸೆಷನ್‌ನಲ್ಲಿ ಪರದೆ ಹಂಚಿಕೊಂಡು ಒಟ್ಟಿಗೆ ತುಂಬಿದರೆ ಕಾಗದಕ್ಕಿಂತ ಸಲೀಸು, ಮೆಸೇಜ್ ಇರುವುದೂ ಅದೇ ಫೋನಿನಲ್ಲಿ ತಾನೇ. ಸೊನ್ನೆಗೆ ಇಳಿಸಲು ಹೋಗಬೇಡಿ. ‘ಹಾಗೆಲ್ಲ ಯೋಚಿಸಬೇಡ, ಪಾಸಿಟಿವ್ ಆಗಿರು’ ಎನ್ನುವುದು ಥೆರಪಿಯಲ್ಲ.

ಪಿಎಚ್‌ಕ್ಯೂ ಎರಡು ವಾರಕ್ಕೊಮ್ಮೆ ಸಾಕು, ಆದರೆ ತುಂಬುವ ಹೊತ್ತು ಮುಖ್ಯ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಮಗು ರಾತ್ರಿ ಹನ್ನೊಂದಕ್ಕೆ ಲಿಂಕ್ ತೆರೆದು ಅಲ್ಲಿ 3 ಒತ್ತಿದರೆ, ಥೆರಪಿಸ್ಟ್ ಅದನ್ನು ನೋಡುವುದು ಮರುದಿನ ಮಧ್ಯಾಹ್ನ. ಆದ್ದರಿಂದ ಸೆಷನ್ನಿನ ಮೊದಲ ಐದು ನಿಮಿಷದಲ್ಲೇ, ಥೆರಪಿಸ್ಟ್ ಎದುರಿಗೋ ಕರೆಯಲ್ಲೋ ಇರುವಾಗ ತುಂಬಲಿ. ವಾರದ ನಡುವಿನ ಮೆಸೇಜಿಗೂ ಇದೇ ನಿಯಮ: ಯಾವ ಹೊತ್ತಿನಲ್ಲಿ ನೋಡುತ್ತಾರೆ ಎಂಬುದು ಮಗುವಿಗೆ ಗೊತ್ತಿರಬೇಕು, ತುರ್ತಾದರೆ ಮೆಸೇಜ್ ಅಲ್ಲ, 14416 ಎಂಬುದು ಬಾಯಿಪಾಠ ಆಗಿರಬೇಕು. ಮಧ್ಯರಾತ್ರಿ ಚಾಟ್‌ಬಾಟ್ ಜೊತೆ ಮಾತಾಡುವ ಮಕ್ಕಳು ಈಗ ಬಹಳ. ಬೈಯಬೇಡಿ. ಅಲ್ಲಿ ಏನು ಮಾತಾಡಿದೆ ಎಂದು ಥೆರಪಿಸ್ಟ್‌ಗೆ ಹೇಳುವುದಕ್ಕೆ ಧೈರ್ಯ ಕೊಡಿ.

ಔಷಧ ಇದ್ದರೆ

ಅಮೆರಿಕದಲ್ಲಿ 12ರಿಂದ 17ರ 439 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಟ್ಯಾಡ್ಸ್ ಅಧ್ಯಯನದಲ್ಲಿ, 12 ವಾರದ ಕೊನೆಗೆ ಖಿನ್ನತೆಯ ಮಾತ್ರೆ ಫ್ಲುಯಾಕ್ಸೆಟಿನ್ ಮತ್ತು ಸಿಬಿಟಿ ಎರಡೂ ಸಿಕ್ಕವರಲ್ಲಿ ಶೇ 71, ಮಾತ್ರೆ ಮಾತ್ರ ಸಿಕ್ಕವರಲ್ಲಿ ಶೇ 61, ಸಿಬಿಟಿ ಮಾತ್ರ ಸಿಕ್ಕವರಲ್ಲಿ ಶೇ 43, ಔಷಧವಿಲ್ಲದ ಹುಸಿ ಗುಳಿಗೆ ಪಡೆದವರಲ್ಲಿ ಶೇ 35 ಮಂದಿ ಸುಧಾರಿಸಿದ್ದರು. ಹಾಗಾಗಿ ಮಧ್ಯಮ, ತೀವ್ರ ಖಿನ್ನತೆಗೆ ವೈದ್ಯರು ಮಾತ್ರೆ ಬರೆದರೆ ಗಾಬರಿ ಬೇಡ. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಮೊದಲ ಕೆಲವು ವಾರ ಮತ್ತು ಪ್ರಮಾಣ ಬದಲಿಸಿದಾಗ ಕೆಲವು ಮಕ್ಕಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಬಹುದು. ಮಾತ್ರೆ ಶುರುವಾದ ತಿಂಗಳಲ್ಲಿ ಎದುರು ಭೇಟಿ ಹೆಚ್ಚಿಸಿ, ಎರಡು ವಾರಕ್ಕೊಂದಾದರೂ ಇರಲಿ. ಮಾತ್ರೆಯ ಸ್ಟ್ರಿಪ್ ನಿಮ್ಮ ಹತ್ತಿರ ಇರಲಿ, ದಿನದ್ದು ದಿನ ಕೊಡಿ. ಚೆನ್ನಾಗಿದ್ದಾನೆ ಎಂದು ನೀವೇ ನಿಲ್ಲಿಸಬೇಡಿ. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ ಆಮೇಲೆ ನಿಧಾನವಾಗಿ ಇಳಿಸುವುದು ರೂಢಿ.

ವೈದ್ಯರ ವಿಡಿಯೊ ಸಮಾಲೋಚನೆಯಲ್ಲಿ ಒಂದು ನಿಯಮ ನೆನಪಿರಲಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ 18 ತುಂಬದವರ ಜೊತೆ ಒಬ್ಬ ದೊಡ್ಡವರು ಇರಬೇಕು, ಅವರ ಗುರುತನ್ನು ವೈದ್ಯರು ಖಚಿತಪಡಿಸಿಕೊಳ್ಳಬೇಕು. ಶುರುವಿನ ಹತ್ತು ನಿಮಿಷ ನೀವು ಇದ್ದು, ಆಮೇಲೆ ಪಕ್ಕದ ಕೋಣೆಗೆ ಹೋಗುವ ಏರ್ಪಾಡು ಆಗುತ್ತದೆಯೇ ಎಂದು ವೈದ್ಯರನ್ನೇ ಕೇಳಿ.

ಹಾಸ್ಟೆಲಿನಲ್ಲಿದ್ದರೆ

ರಾಯಚೂರು, ಹಾವೇರಿಯ ಎಷ್ಟೋ ಮಕ್ಕಳು ದಕ್ಷಿಣ ಕನ್ನಡದ ವಸತಿ ಪಿಯು ಕಾಲೇಜುಗಳಲ್ಲಿ ಓದುತ್ತಾರೆ, ಅಲ್ಲಿ ಬಹಳ ಕಡೆ ಫೋನ್ ಇಟ್ಟುಕೊಳ್ಳುವಂತಿಲ್ಲ. ‘ವಾರಕ್ಕೊಮ್ಮೆ 45 ನಿಮಿಷ ವೈದ್ಯಕೀಯ ಸಮಾಲೋಚನೆ ಇದೆ’ ಎಂದು ವೈದ್ಯರ ಪತ್ರದೊಂದಿಗೆ ಪ್ರಾಂಶುಪಾಲರಿಗೆ ಬರೆದುಕೊಡಿ. ಕಾಯಿಲೆಯ ಹೆಸರು ವಾರ್ಡನ್‌ನಿಂದ ಮೆಸ್‌ವರೆಗೆ ತಿಳಿಯಬೇಕಿಲ್ಲ. ಸಿಕ್ ರೂಮ್ ಅಥವಾ ಆಪ್ತಸಮಾಲೋಚಕರ ಕೋಣೆ ಕೇಳಿ, ವಾರ್ಡನ್ ಹೊರಗಿರಲಿ. ಎದುರು ಭೇಟಿಗಳನ್ನು ದಸರಾ ರಜೆ, ಮಧ್ಯಂತರ ರಜೆಗೆ ಹೊಂದಿಸಿ. ನಡುವೆ ಅಂತರ ಜಾಸ್ತಿಯಾದರೆ ಮಂಗಳೂರಿನಲ್ಲೇ ಒಬ್ಬ ಮನೋವೈದ್ಯರು ಎದುರು ನೋಡಲಿ, ಊರಿನ ಥೆರಪಿಸ್ಟ್ ಆನ್‌ಲೈನ್ ಮುಂದುವರಿಸಲಿ. ಆಗ ಆ ಇಬ್ಬರೂ ಒಬ್ಬರಿಗೊಬ್ಬರು ತಿಂಗಳಿಗೊಂದು ಪುಟದ ಟಿಪ್ಪಣಿ ಕಳಿಸುವಂತೆ ನಿಮ್ಮ ಮತ್ತು ಮಗುವಿನ ಲಿಖಿತ ಒಪ್ಪಿಗೆ ಕೊಡಿ. ಒಬ್ಬರು ಪ್ರಮಾಣ ಏರಿಸಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ, ಮಗುವಿನ ಚಡಪಡಿಕೆಯನ್ನು ಪರೀಕ್ಷೆಯ ಭಯ ಎಂದು ತಿಳಿದು ಕೂತರೆ ಬಹಳ ಹಾನಿ.

ಯಾವಾಗ ಲೆಕ್ಕ ಬದಲಿಸಬೇಕು

ಸತತ ಎರಡು ಆನ್‌ಲೈನ್ ಸೆಷನ್ ತಪ್ಪಿದರೆ ಮೂರನೆಯದು ಎದುರು. ಮೂರು ಸೆಷನ್ ಕ್ಯಾಮೆರಾ ಆಫ್ ಇದ್ದರೂ ಹಾಗೇ. ಆದರೆ ಒಂದು ದಿನ ಕ್ಯಾಮೆರಾ ಬೇಡ ಎಂದರೆ ಒತ್ತಾಯ ಬೇಡ, ಅಳು ಬಂದಾಗ ಮುಖ ಮರೆಸಿಕೊಳ್ಳುವ ಹಕ್ಕು ಮಗುವಿಗಿದೆ. ಆರು ವಾರವಾದರೂ ಪಿಎಚ್‌ಕ್ಯೂ ಅಂಕ 5ರಷ್ಟೂ ಇಳಿಯದಿದ್ದರೆ ಮನೋವೈದ್ಯರ ಹತ್ತಿರ ಎದುರು ಹೋಗಿ ಕಾಯಿಲೆಯ ನಿರ್ಣಯವನ್ನೇ ಮತ್ತೆ ನೋಡಿಸಿ. ಅಂಕ ಏರಿದರೆ ಅಥವಾ ಒಂಬತ್ತನೇ ಪ್ರಶ್ನೆಗೆ ಹೊಸದಾಗಿ ಅಂಕ ಬಂದರೆ ಆ ವಾರವೇ ಹೋಗಿ. ಹದಿನಾಲ್ಕನೇ ವಾರಕ್ಕೆ ಮೊದಲ ದಿನದ ಅಂಕದ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಹಾದಿ ಸರಿ ಇದೆ.

ಕೊನೆಯ ಭೇಟಿಯಲ್ಲಿ ಮಗು ತನ್ನ ಕೈಬರಹದಲ್ಲಿ ಒಂದು ಕಾರ್ಡ್ ಬರೆಯಬೇಕು: ಮರುಕಳಿಸುವಾಗ ತನ್ನಲ್ಲಿ ಮೊದಲು ಕಾಣುವ ಮೂರು ಗುರುತು, ಆಗ ತಾನು ಮಾಡುವ ಎರಡು ಕೆಲಸ, ಫೋನ್ ಮಾಡುವ ಇಬ್ಬರ ಹೆಸರು, ಕೆಳಗೆ 14416. ಗುರುತುಗಳು ‘ಬೇಜಾರು’ ಎಂಬಂಥವಾಗಿ ಇರಬಾರದು. ‘ಎರಡು ದಿನ ತಲೆ ಬಾಚಲ್ಲ’, ‘ಅಜ್ಜಿ ಕರೆದ್ರೆ ಓ ಅನ್ನಲ್ಲ’ ಎಂಬಂತೆ ಕಣ್ಣಿಗೆ ಕಾಣುವಂಥವಾಗಿರಲಿ. ಕಾರ್ಡಿನ ಫೋಟೊ ಅದರ ಫೋನಿನಲ್ಲಿ, ಇನ್ನೊಂದು ನಿಮ್ಮ ಫೋನಿನಲ್ಲಿ. ಆಮೇಲಿನ ಒಂದನೇ, ಮೂರನೇ, ಆರನೇ ತಿಂಗಳಿಗೆ ಅರ್ಧ ಗಂಟೆಯ ವಿಡಿಯೊ ಭೇಟಿಯನ್ನು ಅಲ್ಲಿಂದ ಏಳುವ ಮೊದಲೇ ಗೊತ್ತು ಮಾಡಿಕೊಂಡು ಬನ್ನಿ.